ಮಳೆ, ಮರ ಮತ್ತು ಧಾರಣೆ: ತಿಪಟೂರು ಸೀಮೆಯ ಕೊಬ್ಬರಿ ಪೇಟೆಯ ಮೇಲೆ ಹವಾಮಾನದ ಪ್ರಭಾವ

ಕೃಷಿ ಉತ್ಪನ್ನಗಳ ಧಾರಣೆಗೂ ಹವಾಮಾನಕ್ಕೂ ಇರುವ ಸಂಬಂಧ ರೈತನಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಮಳೆ ಕೈಕೊಟ್ಟರೆ ಬೆಳೆ ಕಡಿಮೆ, ಬೆಳೆ ಕಡಿಮೆಯಾದರೆ ಬೆಲೆ ಹೆಚ್ಚು ಎಂಬುದು ಸಂತೆಯಲ್ಲಿ ನಿಂತವರೆಲ್ಲರಿಗೂ ತಿಳಿದ ಸೂತ್ರ. ಒಂದೇ ಹಂಗಾಮಿನಲ್ಲಿ ಬಿತ್ತಿ ಕೊಯ್ಯುವ ಬೆಳೆಗಳ ಮಟ್ಟಿಗೆ ಈ ಸೂತ್ರ ಬಹುಮಟ್ಟಿಗೆ ಸರಿಯಾದುದೇ ಆಗಿದೆ. 2012ರ ಬೇಸಿಗೆಯಲ್ಲಿ ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಿಗೆ ಬರ ತಟ್ಟಿದಾಗ ಷಿಕಾಗೊ ಪೇಟೆಯಲ್ಲಿ ಮೆಕ್ಕೆಜೋಳ ಮತ್ತು ಸೋಯಾ ಧಾರಣೆಗಳು ಕೊಯ್ಲಿಗೂ ಮೊದಲೇ, ಅದೇ ಬೇಸಿಗೆಯಲ್ಲಿಯೇ, ದಾಖಲೆಯ ಮಟ್ಟಕ್ಕೆ ಏರಿದವು. ಬಹುವಾರ್ಷಿಕ ಬೆಳೆಗಳಲ್ಲಿ ಈ ನಂಟು ಸ್ವಲ್ಪ ಸಡಿಲವಾಗುತ್ತದೆ. 1975ರ ಜುಲೈ ತಿಂಗಳಲ್ಲಿ ಬ್ರೆಜಿಲ್ ದೇಶದ ಪರಾನಾ ಪ್ರಾಂತ್ಯದ ಕಾಫಿ ಗಿಡಗಳನ್ನು ಹಿಮಪಾತ ಸುಟ್ಟುಹಾಕಿತು. ಜಾಗತಿಕ ಕಾಫಿ ಬೆಲೆ ತನ್ನ ಶಿಖರವನ್ನು ಮುಟ್ಟಿದ್ದು 1977ರಲ್ಲಿ.

ತೆಂಗಿನಲ್ಲಿ ಈ ಅಂತರ ಇನ್ನೂ ದೀರ್ಘವಾದುದು. ಇಲ್ಲಿ ಮಳೆಯ ವರ್ಷವೂ ಬೆಲೆಯ ವರ್ಷವೂ ಒಂದೇ ಆಗಿರುವುದು ಅಪರೂಪ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಉಂಡೆ ಕೊಬ್ಬರಿಗೆ ದೇಶದಲ್ಲಿಯೇ ಹೆಸರಾದ ಸೀಮೆ. ಈ ಸೀಮೆಯ ರೈತನು ಪೇಟೆಗೆ ತರುವ ಒಂದು ಚೀಲ ಕೊಬ್ಬರಿಯ ಹಿಂದೆ ಸುಮಾರು ನಾಲ್ಕೂವರೆ ವರ್ಷಗಳ ಹವಾಮಾನವಿರುತ್ತದೆ. ಅದಕ್ಕೆ ದೊರೆಯುವ ಧಾರಣೆಯ ಹಿಂದೆ ಸಾವಿರಾರು ಮೈಲಿ ದೂರದ ದ್ವೀಪಗಳ ಹವಾಮಾನವೂ ಸೇರಿರುತ್ತದೆ. ಈ ಎರಡು ಕಾಲಮಾನಗಳು ಹೇಗೆ ರೂಪುಗೊಳ್ಳುತ್ತವೆ, ಅವುಗಳ ನಡುವಣ ಅಂತರದಲ್ಲಿ ನಷ್ಟ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಒಣ ಸೀಮೆಯಲ್ಲಿ ತೆಂಗು

ತೆಂಗು ಸ್ವಭಾವತಃ ಕಡಲ ತೀರದ ಮರ. ವರ್ಷಕ್ಕೆ 1,300ರಿಂದ 2,300 ಮಿಲಿಮೀಟರ್ ಮಳೆ, ಅದೂ ವರ್ಷವಿಡೀ ಹಂಚಿಹೋದ ಮಳೆ, ಮತ್ತು ತೇವಭರಿತ ಗಾಳಿ ಅದಕ್ಕೆ ಹಿತವೆಂದು ತೋಟಗಾರಿಕಾ ಶಾಸ್ತ್ರ ಹೇಳುತ್ತದೆ. ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ, ಪಶ್ಚಿಮ ಘಟ್ಟಗಳ ಮಳೆ ನೆರಳಿನಲ್ಲಿರುವ ಈ ಮೂರು ತಾಲ್ಲೂಕುಗಳಿಗೆ ಬೀಳುವ ಮಳೆ ಅದರ ಅರ್ಧದಷ್ಟು ಮಾತ್ರ. ರಾಜ್ಯದ ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿಗಳು ಮಧ್ಯ ಒಣ ವಲಯಕ್ಕೂ ತುರುವೇಕೆರೆ ದಕ್ಷಿಣ ಒಣ ವಲಯಕ್ಕೂ ಸೇರಿವೆ. ಕರಾವಳಿಯನ್ನು ತೋಯಿಸುವ ಜೂನ್, ಜುಲೈ ತಿಂಗಳ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಸೋನೆಯಾಗಿ ಉಳಿಯುತ್ತದೆ. ತೋಟವನ್ನು ನಿಜವಾಗಿ ತಣಿಸುವುದು ಬೇಸಿಗೆಯ ಕೊನೆಯಲ್ಲಿ ಬೀಳುವ ಭರಣಿ, ಕೃತ್ತಿಕೆ ಮಳೆಗಳು ಮತ್ತು ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಉತ್ತರೆ, ಹಸ್ತ, ಚಿತ್ತೆ ಮಳೆಗಳು. ಇವೆರಡರಲ್ಲಿ ಒಂದು ತಪ್ಪಿದರೂ ಮುಂದಿನ ಮಳೆಯವರೆಗೆ ಮರವು ಆರೇಳು ತಿಂಗಳು ಒಣಗಿರಬೇಕಾಗುತ್ತದೆ.

ಇಂತಹ ನೆಲದಲ್ಲಿ ತೆಂಗು ನೆಲೆನಿಂತುದಕ್ಕೆ ಕೆರೆಗಳು ಕಾರಣ. ಹಳೆಯ ತೋಟಗಳು ಕೆರೆಯ ಹಿಂದಣ ತಗ್ಗುಗಳಲ್ಲಿ, ಹಳ್ಳದ ದಂಡೆಗಳಲ್ಲಿ, ನೀರು ಬೇರಿಗೆ ಎಟಕುವ ಕಡೆ ಇದ್ದವು. ಕೊಳವೆ ಬಾವಿಗಳು ಹೆಚ್ಚಿದಂತೆ ರಾಗಿ ಬೆಳೆಯುತ್ತಿದ್ದ ಹೊಲಗಳಿಗೂ ತೆಂಗು ಏರಿತು. ಹೇಮಾವತಿ ನಾಲೆಯ ನೀರು ತಿಪಟೂರು, ತುರುವೇಕೆರೆಗಳ ಕೆಲವು ಕೆರೆಗಳನ್ನು ತುಂಬಿಸುತ್ತದಾದರೂ ಬಹುಪಾಲು ತೋಟಗಳು ಇಂದಿಗೂ ಮಳೆಯನ್ನೂ ಅಂತರ್ಜಲವನ್ನೂ ನಂಬಿವೆ.

ಗಮನಾರ್ಹ ಸಂಗತಿಯೆಂದರೆ, ಮರಕ್ಕೆ ಶತ್ರುವಾದ ಈ ಒಣ ಹವೆಯೇ ಕೊಬ್ಬರಿಗೆ ಮಿತ್ರ. ಕೇರಳದ ಅಥವಾ ನಮ್ಮ ಕರಾವಳಿಯ ತೇವದಲ್ಲಿ ಬಲಿತ ಕಾಯಿಯನ್ನು ತಿಂಗಳುಗಟ್ಟಲೆ ಕೂಡಿಟ್ಟರೆ ಅದು ಮೊಳೆಯುತ್ತದೆ, ಇಲ್ಲವೇ ಕೆಡುತ್ತದೆ. ಆದ್ದರಿಂದ ಅಲ್ಲಿ ಕಾಯಿಯನ್ನು ಒಡೆದು ಹೋಳುಗಳನ್ನು ಬಿಸಿಲಿನಲ್ಲಿಯೋ ಗೂಡಿನಲ್ಲಿಯೋ ಒಣಗಿಸಿ ಎಣ್ಣೆಯ ಗಾಣಕ್ಕೆ ಕಳುಹಿಸುವ ಪದ್ಧತಿ ಬೆಳೆಯಿತು. ತಿಪಟೂರು ಸೀಮೆಯ ಒಣ ಗಾಳಿಯಲ್ಲಿ ಕಾಯಿ ಒಡೆಯದೆಯೇ ಒಳಗೊಳಗೇ ಆರಿ ಇಡಿಯಾದ ಉಂಡೆ ಕೊಬ್ಬರಿಯಾಗುತ್ತದೆ. ದೆಹಲಿ, ಉತ್ತರ ಪ್ರದೇಶ, ರಾಜಸ್ಥಾನ, ಗುಜರಾತ್ ಮೊದಲಾದ ಕಡೆ ಮದುವೆ, ಪೂಜೆ ಮತ್ತು ಹಬ್ಬಗಳಿಗೆ ಬೇಡಿಕೆಯಿರುವುದು ಈ ಉಂಡೆಗೆ. ಹೀಗೆ ಈ ಸೀಮೆಯ ಬಂಡವಾಳವೂ ಭಯವೂ ಒಂದೇ ಆಗಿದೆ: ಹವೆ ಹೆಚ್ಚು ಒಣಗಿದರೆ ಮರಕ್ಕೆ ಕೇಡು, ಹೆಚ್ಚು ತೇವವಾದರೆ ಅಟ್ಟದಲ್ಲಿನ ಕಾಯಿಗೆ ಕೇಡು.

ಮರದ ಕಾಲಮಾನ

ತೆಂಗಿನ ಮರವು ತಿಂಗಳಿಗೆ ಸುಮಾರು ಒಂದರಂತೆ ಗರಿಯನ್ನೂ ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆಯನ್ನೂ ಬಿಡುತ್ತದೆ. ಚೆನ್ನಾಗಿ ಆರೈಕೆಗೊಂಡ ನಾಟಿ ಮರದಲ್ಲಿ ವರ್ಷಕ್ಕೆ ಹನ್ನೆರಡರಿಂದ ಹದಿನಾಲ್ಕು ಹೊಂಬಾಳೆಗಳು ಬರುವುದುಂಟು. ಆದ್ದರಿಂದ ಯಾವುದೇ ದಿನ ಮರದ ತಲೆಯನ್ನು ನೋಡಿದರೂ ಅಲ್ಲಿ ಹೊಸ ಹೊಂಬಾಳೆಯಿಂದ ಬಲಿತ ಗೊನೆಯವರೆಗೆ ಒಂದು ವರ್ಷದ ಫಸಲು ಮೆಟ್ಟಿಲು ಮೆಟ್ಟಿಲಾಗಿ ನಿಂತಿರುತ್ತದೆ. ಕಣ್ಣಿಗೆ ಕಾಣದ ಇನ್ನೂ ಮೂರು ವರ್ಷಗಳ ಫಸಲು ಸುಳಿಯೊಳಗೆ ಅಡಗಿರುತ್ತದೆ.

ಈ ಅಡಗಿದ ಫಸಲಿನ ಬಗೆಗೆ ಕಾಸರಗೋಡಿನ ಸಂಶೋಧನೆಗಳು ಬಹುಮುಖ್ಯ ಬೆಳಕು ಚೆಲ್ಲಿವೆ. 1916ರಲ್ಲಿ ತೆಂಗು ಸಂಶೋಧನಾ ಠಾಣೆಯಾಗಿ ಆರಂಭಗೊಂಡು 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ರೂಪುಗೊಂಡ ಅಲ್ಲಿನ ಕೇಂದ್ರವು ಮಳೆಯಿಲ್ಲದ ದಿನಗಳ ಉದ್ದಕ್ಕೂ ಮುಂದಿನ ವರ್ಷಗಳ ಇಳುವರಿಗೂ ಇರುವ ಸಂಬಂಧವನ್ನು ದೀರ್ಘಕಾಲ ಅಧ್ಯಯನ ಮಾಡಿದೆ. ಹೊಂಬಾಳೆಯ ಮೊಳಕೆ ಸುಳಿಯೊಳಗೆ ಮೂಡಿದಂದಿನಿಂದ ಹೊಂಬಾಳೆ ಒಡೆಯುವವರೆಗೆ ಸುಮಾರು 32 ತಿಂಗಳು, ಅಲ್ಲಿಂದ ಕಾಯಿ ಪೂರ್ಣ ಬಲಿಯುವವರೆಗೆ ಸುಮಾರು 12 ತಿಂಗಳು, ಒಟ್ಟು 44 ತಿಂಗಳು ಬೇಕು. ಈ ಅವಧಿಯ ಯಾವ ಘಟ್ಟದಲ್ಲಿ ಬರ ಬಂದರೂ ಅದರ ಗುರುತು ಬೇರೆ ಬೇರೆ ಬಗೆಯಲ್ಲಿ ಉಳಿಯುತ್ತದೆ. ಮೊಳಕೆಯ ಹಂತದಲ್ಲಿ ಬಂದರೆ ಹೊಂಬಾಳೆಯೇ ಮುರುಟಬಹುದು. ಹೆಣ್ಣು ಹೂಗಳು ರೂಪುಗೊಳ್ಳುವಾಗ ಬಂದರೆ ಅವುಗಳ ಸಂಖ್ಯೆ ಕುಗ್ಗುತ್ತದೆ. ಹೊಂಬಾಳೆ ಒಡೆದ ಮೊದಲ ಎರಡು ಮೂರು ತಿಂಗಳಲ್ಲಿ ಬಂದರೆ ಹರಳು, ಅಂದರೆ ಆಗತಾನೆ ಕಚ್ಚಿದ ಎಳೆಗಾಯಿ, ಉದುರುತ್ತದೆ. ಇನ್ನೂ ತಡವಾಗಿ ಬಂದರೆ ಕಾಯಿ ನಿಲ್ಲುತ್ತದೆ, ಆದರೆ ಗಾತ್ರ ಕಿರಿದಾಗಿ ಒಳಗಿನ ಕೊಬ್ಬರಿ ತೆಳುವಾಗುತ್ತದೆ.

ಹೀಗಾಗಿ ಒಂದು ತೀವ್ರ ಬರದ ಪರಿಣಾಮ ಮೂರು, ನಾಲ್ಕನೆಯ ವರ್ಷದವರೆಗೂ ಕಾಣಿಸಿಕೊಳ್ಳಬಹುದು. ಬರದ ವರ್ಷದಲ್ಲಿ ಹಿಂದಿನ ಒಳ್ಳೆಯ ಮಳೆಗಳ ಗೊನೆಗಳು ಮರದಲ್ಲಿರುವುದರಿಂದ ಫಸಲು ಅಷ್ಟಾಗಿ ಕುಗ್ಗುವುದಿಲ್ಲ. ಮಳೆ ಮರಳಿ ಬಂದು ಕೆರೆಗಳು ತುಂಬಿ ನೆಲ ಹಸಿರಾದ ವರ್ಷದಲ್ಲಿ, ಬರವನ್ನು ಜನ ಮರೆಯತೊಡಗಿದಾಗ, ಗೊನೆಗಳು ಬರಿದಾಗುತ್ತವೆ. ಸರ್ಕಾರದ ದಾಖಲೆಗಳಲ್ಲಿ ಬರ ಮುಗಿದಿರುತ್ತದೆ. ತೋಟದಲ್ಲಿ ಅದು ಆಗ ಆರಂಭವಾಗಿರುತ್ತದೆ.

ಹವಾಮಾನದ ಏರುಪೇರು ಕೀಟರೋಗಗಳ ಮೂಲಕವೂ ಕೆಲಸ ಮಾಡುತ್ತದೆ. ಕಪ್ಪು ತಲೆ ಹುಳುವಿನ ಹಾವಳಿ ಬೇಸಿಗೆಯ ಒಣ ದಿನಗಳಲ್ಲಿ ಏರುತ್ತದೆ. 1998ರಲ್ಲಿ ಕೇರಳದಲ್ಲಿ ಮೊದಲು ವರದಿಯಾದ ನುಸಿಪೀಡೆ ಮುಂದಿನ ಕೆಲವೇ ವರ್ಷಗಳಲ್ಲಿ ಈ ಸೀಮೆಗೂ ಹರಡಿ ಕಾಯಿಯ ಗಾತ್ರವನ್ನು ಕುಗ್ಗಿಸಿತು. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಭಾಗದಲ್ಲಿ ಕಾಣಿಸಿಕೊಂಡ ಸುರುಳಿ ಬಿಳಿನೊಣವು ಗರಿಗಳ ಅಡಿಯಲ್ಲಿ ರಸ ಹೀರುತ್ತದೆ. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಗರಿ ಬಿಸಿಲನ್ನು ಕಾಣದಂತಾಗುತ್ತದೆ. ಬಿರುಸಾದ ಮಳೆ ಇದನ್ನು ತೊಳೆದುಹಾಕುತ್ತದೆ. ಮಳೆಯಿಲ್ಲದ ಬಿಸಿ ದಿನಗಳು ಉದ್ದವಾದಷ್ಟೂ ಇದರ ಸಂತಾನ ಹೆಚ್ಚುತ್ತದೆ. ಬಾಯಾರಿದ ಮರಕ್ಕೆ ಇವುಗಳನ್ನು ತಡೆದುಕೊಳ್ಳುವ ಶಕ್ತಿಯೂ ಕಡಿಮೆ.

ಅಟ್ಟದ ಕಾಲಮಾನ

ಮರದ 44 ತಿಂಗಳುಗಳ ಮೇಲೆ ಈ ಸೀಮೆಯ ರೈತ ಇನ್ನೊಂದು ವರ್ಷವನ್ನು ಸೇರಿಸುತ್ತಾನೆ. ಪೂರ್ಣ ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ 8ರಿಂದ 12 ತಿಂಗಳು ಬಿಡಲಾಗುತ್ತದೆ. ಗಾಳಿಯಾಡುವಂತೆ ಹಾಸಿದ ಅಟ್ಟದ ಕೆಳಗೆ, ಅಗತ್ಯವಿದ್ದಾಗ, ಸಣ್ಣಗೆ ಹೊಗೆ ಹಾಕುವ ರೂಢಿಯೂ ಇದೆ. ಒಳಗಿನ ನೀರು ಮೆಲ್ಲನೆ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು, ಕಾಯಿಯನ್ನು ಅಲ್ಲಾಡಿಸಿದರೆ ಉಂಡೆ ಉರುಳುವ ಸದ್ದು ಕೇಳಿಸುತ್ತದೆ. ಆಗ ಸುಲಿದು, ಚಿಪ್ಪನ್ನು ಎಚ್ಚರಿಕೆಯಿಂದ ಒಡೆದು ಉಂಡೆಯನ್ನು ಹೊರತೆಗೆಯುತ್ತಾರೆ. ಹಸಿಯಾಗಿದ್ದಾಗ ತೂಕದ ಅರ್ಧದಷ್ಟಿದ್ದ ನೀರು ಆ ವೇಳೆಗೆ ಶೇ. 7ರ ಆಸುಪಾಸಿಗೆ ಇಳಿದಿರುತ್ತದೆ. ಒಂದು ಕ್ವಿಂಟಲ್ ಕೊಬ್ಬರಿಗೆ ಕಾಯಿಯ ಗಾತ್ರವನ್ನನುಸರಿಸಿ ಏಳೆಂಟು ನೂರು ಕಾಯಿ ಬೇಕು. ಬರದ ಕಾಯಿಯಾದರೆ ಇನ್ನೂ ಹೆಚ್ಚು.

ಅಟ್ಟವು ಕೇವಲ ಒಣಗಿಸುವ ಸ್ಥಳವಲ್ಲ, ಅದು ರೈತನ ಉಳಿತಾಯ ಖಾತೆಯೂ ಹೌದು. ಮದುವೆಗೋ, ಮಕ್ಕಳ ಓದಿಗೋ, ಆಸ್ಪತ್ರೆಯ ಖರ್ಚಿಗೋ ಬೇಕಾದಾಗ ಅಟ್ಟದಿಂದ ಇಳಿಸಿ ಮಾರುವುದು ವಾಡಿಕೆ. ಧಾರಣೆ ಇಳಿದಾಗ ಕಾಯುವ ಶಕ್ತಿಯನ್ನು ಕೊಡುವುದೂ ಅದೇ. ಆದರೆ ಈ ಶಕ್ತಿ ಎಲ್ಲರಿಗೂ ಸಮನಾಗಿ ಹಂಚಿಹೋಗಿಲ್ಲ. ಎಂಟು ಹತ್ತು ಎಕರೆಯ ತೋಟವಿದ್ದು ಎರಡು ಅಟ್ಟ ಇರುವವನು ಒಂದು ವರ್ಷ ಕಾಯಬಲ್ಲ. ಎಕರೆಗೂ ಕಡಿಮೆ ತೋಟವಿದ್ದು ಸಾಲದ ಕಂತು ಕಟ್ಟಬೇಕಾದವನು ಹಸಿಕಾಯಿಯನ್ನೇ ವ್ಯಾಪಾರಿಗೆ ಕೊಡುತ್ತಾನೆ, ಅಥವಾ ಅದಕ್ಕೂ ಮೊದಲೇ ಎಳನೀರಾಗಿ ಮಾರುತ್ತಾನೆ. ಎಳನೀರನ್ನು ಆರೇಳು ತಿಂಗಳಿಗೇ ಕೀಳುವುದರಿಂದ ಹಣ ಬೇಗ ಕೈಸೇರುತ್ತದೆ. ಅಷ್ಟೇ ಕಾಯಿ ಮುಂದಿನ ವರ್ಷದ ಅಟ್ಟದಿಂದ ಕಳೆದುಹೋಗುತ್ತದೆ. ಬೇಸಿಗೆ ಸುಡುವಷ್ಟೂ ನಗರಗಳಲ್ಲಿ ಎಳನೀರಿನ ಬೇಡಿಕೆ ಏರುವುದರಿಂದ, ಬಿಸಿಲು ಕೂಡ ಕೊಬ್ಬರಿಯ ಮುಂದಿನ ಆವಕವನ್ನು ನಿರ್ಧರಿಸುವ ಅಂಶವಾಗಿದೆ.

ಒಂದು ಉದಾಹರಣೆಯಿಂದ ಈ ಕಾಲಮಾನ ಸ್ಪಷ್ಟವಾಗುತ್ತದೆ. 2025ರ ಮಾರ್ಚ್ ತಿಂಗಳಲ್ಲಿ ತಿಪಟೂರು ಪೇಟೆಗೆ ಬಂದ ಒಂದು ಉಂಡೆ ಕೊಬ್ಬರಿ ಅಟ್ಟಕ್ಕೇರಿದ್ದು 2024ರ ಏಪ್ರಿಲ್ ಸುಮಾರಿಗೆ. ಅದರ ಹೊಂಬಾಳೆ ಒಡೆದದ್ದು 2023ರ ಏಪ್ರಿಲ್‌ನಲ್ಲಿ. ಮೊಳಕೆ ಸುಳಿಯಲ್ಲಿ ಮೂಡಿದ್ದು 2020ರ ಆಗಸ್ಟ್ ಸುಮಾರಿಗೆ. ಅದು ಮೊಳೆತದ್ದು ಒಳ್ಳೆಯ ಮಳೆಯಲ್ಲಿ, ಹರಳು ಕಾಯಾಗಿ ಬಲಿತದ್ದು ಬರದಲ್ಲಿ, ಆರಿದ್ದು ಮುಂದಿನ ವರ್ಷದ ಗಾಳಿಯಲ್ಲಿ, ಮಾರಾಟವಾದದ್ದು ಇದಾವುದಕ್ಕೂ ನೇರ ಸಂಬಂಧವಿಲ್ಲದ ಒಂದು ದಿನದ ಧಾರಣೆಯಲ್ಲಿ.

ದೂರದ ಮಳೆ

ಆ ದಿನದ ಧಾರಣೆ ಎಲ್ಲಿಂದ ಬರುತ್ತದೆ ಎಂಬುದು ಮುಂದಿನ ಪ್ರಶ್ನೆ. ಉಂಡೆ ಕೊಬ್ಬರಿ ದೇಶದೊಳಗೇ ಖರ್ಚಾಗುವ ಸರಕಾದ್ದರಿಂದ ಹೊರಜಗತ್ತಿನ ಗಾಳಿ ಅದಕ್ಕೆ ತಾಗದೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಅದೇ ಕಾಯಿ ಹೋಳು ಕೊಬ್ಬರಿಯಾಗಿ ಎಣ್ಣೆಯ ಗಿರಣಿಗೂ ಹೋಗಬಲ್ಲದು, ಎಳನೀರಾಗಿಯೂ ಹೋಗಬಲ್ಲದು, ತೆಂಗಿನಪುಡಿಯ ಕಾರ್ಖಾನೆಗೂ ಹೋಗಬಲ್ಲದು. ತಮಿಳುನಾಡಿನ ಕಾಂಗೇಯಂ ಪೇಟೆಯಲ್ಲಿ ಎಣ್ಣೆ ಕೊಬ್ಬರಿಯ ಧಾರಣೆ ಏರಿದರೆ ಕಾಯಿ ಅತ್ತ ಹರಿಯುತ್ತದೆ, ತಿಪಟೂರಿನ ಅಟ್ಟಗಳು ಬರಿದಾಗುತ್ತವೆ. ಅಲ್ಲಿ ಧಾರಣೆ ಇಳಿದರೆ ಕಾಯಿ ಇತ್ತ ರಾಶಿಯಾಗುತ್ತದೆ. ಎಣ್ಣೆಯಾದರೋ ಜಾಗತಿಕ ಸರಕು.

ತೆಂಗಿನ ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಸಾಬೂನು, ಶಾಂಪೂ, ಮಿಠಾಯಿ ಉದ್ಯಮಗಳಿಗೆ ಬೇಕಾದ ಈ ಆಮ್ಲವನ್ನು ಅಷ್ಟೇ ಪ್ರಮಾಣದಲ್ಲಿ ಕೊಡುವ ಇನ್ನೊಂದು ಪ್ರಮುಖ ಎಣ್ಣೆಯೆಂದರೆ ತಾಳೆಯ ಬೀಜದ ಎಣ್ಣೆ. ಒಂದರ ಬೆಲೆ ಏರಿದರೆ ಕಾರ್ಖಾನೆಗಳು ಇನ್ನೊಂದಕ್ಕೆ ತಿರುಗುವುದರಿಂದ ಎರಡೂ ಜೊತೆಜೊತೆಗೇ ಏರಿ ಇಳಿಯುತ್ತವೆ. ಜಗತ್ತಿನ ತೆಂಗಿನ ಶೇ. 70ಕ್ಕೂ ಹೆಚ್ಚು ಭಾಗವನ್ನು ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಮತ್ತು ಭಾರತಗಳೇ ಬೆಳೆಯುತ್ತವೆ. ಮೊದಲೆರಡು ದೇಶಗಳು ಎಣ್ಣೆಯನ್ನು ಹೊರದೇಶಗಳಿಗೆ ಮಾರುತ್ತವೆ. ರಾಟರ್‌ಡ್ಯಾಮ್ ಬಂದರಿನ ಧಾರಣೆ ಜಾಗತಿಕ ಅಳತೆಗೋಲಾಗಿದೆ. ಭಾರತ ತನ್ನ ಬೆಳೆಯ ಬಹುಭಾಗವನ್ನು ತಾನೇ ಬಳಸುತ್ತದೆ.

ಈ ಮೂರೂ ದೇಶಗಳ ಮಳೆಯನ್ನು ಒಂದೇ ದಾರದಲ್ಲಿ ಹೆಣೆಯುವುದು ಶಾಂತಸಾಗರದ ಉಷ್ಣತೆ. ಸಾಗರದ ಪೂರ್ವಮಧ್ಯ ಭಾಗ ಬಿಸಿಯಾಗುವ ಎಲ್ ನಿನೊ ವರ್ಷಗಳಲ್ಲಿ ಇಂಡೋನೇಷ್ಯಾ ಮತ್ತು ಫಿಲಿಪ್ಪೀನ್ಸ್ ದ್ವೀಪಗಳು ಒಣಗುತ್ತವೆ. ಭಾರತದ ಮುಂಗಾರು ಕೂಡ ದುರ್ಬಲವಾಗುವ ಸಂಭವ ಹೆಚ್ಚು. ತಣ್ಣಗಾಗುವ ಲಾ ನಿನಾ ವರ್ಷಗಳಲ್ಲಿ ಈ ಪ್ರದೇಶಗಳಿಗೆ ಸಾಮಾನ್ಯವಾಗಿ ಹೆಚ್ಚು ಮಳೆ. 1997–98ರ ಪ್ರಬಲ ಎಲ್ ನಿನೊ ನಂತರ ಫಿಲಿಪ್ಪೀನ್ಸ್ ದೇಶದ ಇಳುವರಿ ಕುಸಿದು 1999ರಲ್ಲಿ ತೆಂಗಿನ ಎಣ್ಣೆಯ ಬೆಲೆ ಏರಿದ್ದು, ಮಾರನೆಯ ವರ್ಷ ಫಸಲು ಚೇತರಿಸಿಕೊಂಡಾಗ ಬೆಲೆ ತೀವ್ರವಾಗಿ ಇಳಿದದ್ದು ಈ ಸಂಬಂಧಕ್ಕೆ ನಿದರ್ಶನ. ಚಂಡಮಾರುತಗಳ ಹೊಡೆತ ಬೇರೆ ಬಗೆಯದು. 2013ರ ನವೆಂಬರ್ 8ರಂದು ಫಿಲಿಪ್ಪೀನ್ಸ್ ದೇಶಕ್ಕೆ ಅಪ್ಪಳಿಸಿದ ಹೈಯಾನ್ ಚಂಡಮಾರುತ ಮೂರು ಕೋಟಿಗೂ ಹೆಚ್ಚು ತೆಂಗಿನ ಮರಗಳಿಗೆ ಹಾನಿ ಮಾಡಿತು. ಬಿದ್ದ ಮರದ ಜಾಗದಲ್ಲಿ ನೆಟ್ಟ ಸಸಿ ಫಲ ಕೊಡಲು ಆರೇಳು ವರ್ಷ ಬೇಕಾಗುವುದರಿಂದ ಅಂತಹ ನಷ್ಟವನ್ನು ಒಂದೆರಡು ಒಳ್ಳೆಯ ಮಳೆ ತುಂಬಿಕೊಡಲಾರದು.

ಹವಾಮಾನದ ಜೊತೆಗೆ ನೀತಿಗಳೂ ಬೆಲೆಯನ್ನು ಎಳೆಯುತ್ತವೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತನ್ನು ಕೆಲವು ವಾರ ನಿಷೇಧಿಸಿತು. ಅದನ್ನು ಮೇ ತಿಂಗಳಲ್ಲಿ ತೆರವುಗೊಳಿಸಿದ ಬಳಿಕ ಕೂಡಿಬಿದ್ದಿದ್ದ ಎಣ್ಣೆ ಹೊರಬಂದು ಬೆಲೆಗಳು ಕುಸಿದವು. 2024ರ ಅಕ್ಟೋಬರ್‌ನಿಂದ ಫಿಲಿಪ್ಪೀನ್ಸ್ ಡೀಸೆಲ್‌ಗೆ ಬೆರೆಸುವ ತೆಂಗಿನ ಎಣ್ಣೆಯ ಇಂಧನದ ಪ್ರಮಾಣವನ್ನು ಶೇ. 2ರಿಂದ 3ಕ್ಕೆ ಏರಿಸಿತು. ಭಾರತವು ಕಚ್ಚಾ ತಾಳೆ ಎಣ್ಣೆಯ ಮೇಲಿನ ಒಟ್ಟು ಆಮದು ಸುಂಕವನ್ನು 2024ರ ಸೆಪ್ಟೆಂಬರ್‌ನಲ್ಲಿ ಶೇ. 5.5ರಿಂದ 27.5ಕ್ಕೆ ಏರಿಸಿ, 2025ರ ಮೇ ಕೊನೆಯಲ್ಲಿ ಶೇ. 16.5ಕ್ಕೆ ಇಳಿಸಿತು. ತಿಪಟೂರಿನ ಹರಾಜಿನ ಕಟ್ಟೆಯ ಮೇಲೆ ಇವುಗಳ ಹೆಸರು ಕೇಳಿಬರುವುದು ಕಡಿಮೆ; ಪರಿಣಾಮ ಮಾತ್ರ ಕಾಣಿಸಿಕೊಳ್ಳುತ್ತದೆ.

2020ರಿಂದ 2025: ಒಂದು ಆವರ್ತನ

ಮೇಲಿನ ಎಲ್ಲ ಅಂಶಗಳೂ ಒಟ್ಟಿಗೆ ಕೆಲಸ ಮಾಡಿದ ರೀತಿಯನ್ನು ಇತ್ತೀಚಿನ ಐದು ವರ್ಷಗಳ ಅನುಭವ ತೋರಿಸಿಕೊಡುತ್ತದೆ. 2020ರಿಂದ 2022ರವರೆಗೆ ಲಾ ನಿನಾ ಸತತ ಮೂರು ವರ್ಷ ಮುಂದುವರಿಯಿತು. ಈ ಸೀಮೆಯಲ್ಲಿ ಕೆರೆಗಳು ಕೋಡಿ ಬಿದ್ದವು, ಮರಗಳು ಚೇತರಿಸಿಕೊಂಡವು. ಅತ್ತ ಆಗ್ನೇಯ ಏಷ್ಯಾದಲ್ಲಿಯೂ ತೆಂಗು, ತಾಳೆಗಳಿಗೆ ತೇವದ ಕೊರತೆಯಿರಲಿಲ್ಲ. ಈ ಒಳ್ಳೆಯ ಮಳೆಗಳ ಫಸಲು ಅಟ್ಟದಿಂದ ಇಳಿದು ಪೇಟೆಗೆ ಬರುವ ವೇಳೆಗೆ ಜಾಗತಿಕ ಎಣ್ಣೆ ಬೆಲೆ ಕುಸಿದಿತ್ತು. 2022ರಲ್ಲಿ ಟನ್ನಿಗೆ ಸರಾಸರಿ 1,600 ಡಾಲರುಗಳಷ್ಟಿದ್ದ ತೆಂಗಿನ ಎಣ್ಣೆ 2023ರಲ್ಲಿ 1,100 ಡಾಲರುಗಳಿಗೂ ಕೆಳಗಿಳಿಯಿತು. ತಿಪಟೂರಿನಲ್ಲಿ ಉಂಡೆ ಕೊಬ್ಬರಿ 2023ರ ಮಧ್ಯಭಾಗದಲ್ಲಿ ಕ್ವಿಂಟಲಿಗೆ 8,000 ರೂ.ಗಳ ಆಸುಪಾಸಿಗೆ ಬಂದು ನಿಂತಿತು. ಆ ವರ್ಷ ಕೇಂದ್ರ ಸರ್ಕಾರ ಘೋಷಿಸಿದ್ದ ಬೆಂಬಲ ಬೆಲೆ 11,750 ರೂ. ರೈತರು ಬೀದಿಗಿಳಿದು ಚಳವಳಿ ನಡೆಸಿದ್ದು ಈ ಹಿನ್ನೆಲೆಯಲ್ಲಿ.

ಬೆಲೆ ನೆಲಕಚ್ಚಿದ ಆ ಹೊತ್ತಿನಲ್ಲಿಯೇ ಮಳೆಯೂ ಕೈಕೊಟ್ಟಿತು. 2023ರ ಜೂನ್ ವೇಳೆಗೆ ಎಲ್ ನಿನೊ ನೆಲೆಗೊಂಡಿತು. ಆ ವರ್ಷದ ಆಗಸ್ಟ್ ತಿಂಗಳು 1901ರಿಂದೀಚೆಗೆ ಭಾರತ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ತೆಂಗಿನ ಸೀಮೆ ಇದಕ್ಕೆ ಹೊರತಾಗಿರಲಿಲ್ಲ. ಮೇಲೆ ಹೇಳಿದ ಸರಳ ಸೂತ್ರದಂತೆ ಬರ ಬಂದಾಗ ಬೆಲೆ ಏರಬೇಕಿತ್ತು. ಆದರೆ ಪೇಟೆ ಆಗ ಹಿಂದಿನ ಮಳೆಗಳ ಫಸಲನ್ನು ಕರಗಿಸುತ್ತಿತ್ತು. ಆದ್ದರಿಂದ ರೈತ ಅದೇ ವರ್ಷದಲ್ಲಿ ಬತ್ತಿದ ಕೊಳವೆ ಬಾವಿಯನ್ನೂ ಕುಸಿದ ಧಾರಣೆಯನ್ನೂ ಒಟ್ಟಿಗೆ ಎದುರಿಸಬೇಕಾಯಿತು. ಟ್ಯಾಂಕರಿನಲ್ಲಿ ನೀರು ತಂದು ಮರ ಉಳಿಸಿಕೊಳ್ಳುವ ಖರ್ಚಿಗಾಗಿ ಅಟ್ಟದಲ್ಲಿದ್ದ ಕೊಬ್ಬರಿಯನ್ನು ಸಿಕ್ಕ ಬೆಲೆಗೆ ಇಳಿಸಿದವರಿಗೆ ಈ ವರ್ಷ ಎರಡು ಬಾರಿ ಪೆಟ್ಟು ಕೊಟ್ಟಿತು.

2024ರ ಬೇಸಿಗೆ ಇನ್ನಷ್ಟು ಬಿಸಿಯಾಗಿತ್ತು. ಹರಳು ಉದುರಿತು; ಬಿಳಿನೊಣ ಹೆಚ್ಚಿತು; ಎಳನೀರಿಗೆ ಒಳ್ಳೆಯ ಬೆಲೆ ಬಂದುದರಿಂದ ಉಳಿದ ಕಾಯಿಗಳಲ್ಲಿ ಒಂದು ಪಾಲು ಬಲಿಯುವ ಮೊದಲೇ ಮರದಿಂದ ಇಳಿಯಿತು. ಫಿಲಿಪ್ಪೀನ್ಸ್ ಮತ್ತು ಇಂಡೋನೇಷ್ಯಾಗಳಲ್ಲಿ ಕೂಡ ಬರದ ಪರಿಣಾಮ ಅದೇ ವಿಳಂಬದೊಡನೆ ಮುಂದಿನ ಫಸಲಿಗೆ ತಟ್ಟಿತು. 2025ರ ನಡುವಿನಲ್ಲಿ ಜಾಗತಿಕ ಪೇಟೆಯಲ್ಲಿ ತೆಂಗಿನ ಎಣ್ಣೆ ಟನ್ನಿಗೆ 2,500 ಡಾಲರುಗಳನ್ನು ಮೀರಿ ದಾಖಲೆ ಬರೆಯಿತು. ತಿಪಟೂರಿನಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ 25,000 ರೂ.ಗಳನ್ನು ದಾಟಿತು. ಎರಡು ವರ್ಷಗಳ ಹಿಂದೆ ರೈತರು ಕನಸಿನಲ್ಲಿಯೂ ನೆನೆಯದಿದ್ದ ಬೆಲೆ ಇದು. ಆದರೆ ಅಷ್ಟರಲ್ಲಿ ಬಹಳಷ್ಟು ಅಟ್ಟಗಳು ಖಾಲಿಯಾಗಿದ್ದವು. ಮೂರು ಪಟ್ಟು ಬೆಲೆ ಬಂದಾಗ ಮಾರಲು ಸರಕಿದ್ದುದು ಕಾಯಬಲ್ಲ ಶಕ್ತಿಯಿದ್ದ ರೈತರ ಬಳಿ ಮತ್ತು ದಾಸ್ತಾನು ಮಾಡಿದ್ದ ವರ್ತಕರ ಬಳಿ.

ನೆರವಿನ ಕಾಲಮಾನ

ಈ ಆವರ್ತನದ ಬೆಳಕಿನಲ್ಲಿ ಈಗಿರುವ ನೆರವಿನ ವ್ಯವಸ್ಥೆಗಳನ್ನು ಪರಿಶೀಲಿಸಿದರೆ ಅವುಗಳ ಕಾಲಮಾನ ಮರದ ಕಾಲಮಾನಕ್ಕೆ ಹೊಂದಿಕೊಂಡಿಲ್ಲವೆಂಬುದು ಕಂಡುಬರುತ್ತದೆ. ಉಂಡೆ ಕೊಬ್ಬರಿಯ ಬೆಂಬಲ ಬೆಲೆ 2014ರಲ್ಲಿ 5,500 ರೂ. ಇದ್ದುದು 2019ರಲ್ಲಿ 9,920 ರೂ., 2024ರಲ್ಲಿ 12,000 ರೂ., 2025ರಲ್ಲಿ 12,100 ರೂ.ಗಳಿಗೆ ಏರಿದೆ. 2024ರಲ್ಲಿ ರಾಜ್ಯ ಸರ್ಕಾರ ಕ್ವಿಂಟಲಿಗೆ 1,500 ರೂ. ಪ್ರೋತ್ಸಾಹ ಧನವನ್ನು ಸೇರಿಸಿತು. ಇದು ಕುಸಿತದ ಕಾಲದಲ್ಲಿ ನಿಜವಾಗಿಯೂ ಆಸರೆಯಾಗಿದೆ. ಆದರೆ ಖರೀದಿ ನಿಗದಿತ ತಿಂಗಳುಗಳಲ್ಲಿ ಮಾತ್ರ ನಡೆಯುತ್ತದೆ, ಪ್ರಮಾಣಕ್ಕೂ ಮಿತಿಯಿರುತ್ತದೆ. 2024ರಲ್ಲಿ ರಾಜ್ಯಕ್ಕೆ ಮೊದಲು ನಿಗದಿಯಾದದ್ದು 62,500 ಟನ್. ನೋಂದಣಿಯ ಸಾಲಿನಲ್ಲಿ ನಿಲ್ಲಲು, ಹಣ ಬರುವವರೆಗೆ ಕಾಯಲು, ಎಲ್ಲಕ್ಕಿಂತ ಮಿಗಿಲಾಗಿ ಖರೀದಿ ಆರಂಭವಾಗುವವರೆಗೆ ಕೊಬ್ಬರಿಯನ್ನು ಕೈಯಲ್ಲಿ ಉಳಿಸಿಕೊಳ್ಳಲು ಮತ್ತೆ ಅಟ್ಟವೇ ಬೇಕು. ಹಸಿಕಾಯಿಯನ್ನು ಮಾರಿದವನಿಗೆ ಕೊಬ್ಬರಿಯ ಬೆಂಬಲ ಬೆಲೆ ನೇರವಾಗಿ ಮುಟ್ಟುವುದಿಲ್ಲ. ಸರ್ಕಾರಿ ಸಂಸ್ಥೆ ಕೊಂಡ ದಾಸ್ತಾನು ಯಾವಾಗ ಪೇಟೆಗೆ ಮರಳುತ್ತದೆ ಎಂಬುದೂ ಮುಂದಿನ ಧಾರಣೆಯ ಮೇಲೆ ಪರಿಣಾಮ ಬೀರುತ್ತದೆ.

ವಿಮೆಯ ಸ್ಥಿತಿಯೂ ಇಂತಹದೇ. ತೆಂಗು ಅಭಿವೃದ್ಧಿ ಮಂಡಳಿಯ ಮೂಲಕ 2009ರಿಂದ ಜಾರಿಗೆ ಬಂದ ತೆಂಗಿನ ಮರ ವಿಮಾ ಯೋಜನೆ ಪ್ರಕೃತಿ ವಿಕೋಪದಿಂದ ಮರ ಸತ್ತಾಗ ಅಥವಾ ನಿಷ್ಫಲವಾದಾಗ ಪರಿಹಾರ ಕೊಡುತ್ತದೆ. ಬದುಕುಳಿದ ಮರ ಮೂರು ವರ್ಷ ಅರ್ಧ ಫಸಲು ಕೊಟ್ಟರೆ ಅದು ವಿಮೆಯ ಲೆಕ್ಕಕ್ಕೆ ಬರುವುದಿಲ್ಲ. ಬರದ ಸಮೀಕ್ಷೆಗಳು ನಡೆಯುವುದು ಬರದ ವರ್ಷದಲ್ಲಿ. ಆಗ ಅಧಿಕಾರಿಗಳ ಕಣ್ಣಿಗೆ ಮರದ ಮೇಲೆ ಗೊನೆಗಳೇ ಕಾಣುತ್ತವೆ. ಕಾಣದ ನಷ್ಟವನ್ನು ಬರೆದುಕೊಳ್ಳುವ ಕಾಲಮು ಸಮೀಕ್ಷೆಯ ನಮೂನೆಯಲ್ಲಿರುವುದಿಲ್ಲ.

ಈ ಅಂತರವನ್ನು ತುಂಬಲು ಅಸಾಧ್ಯವಾದುದೇನನ್ನೂ ಮಾಡಬೇಕಾಗಿಲ್ಲ. ಮಳೆಯ ದಾಖಲೆಯಿಂದ ಮುಂದಿನ ವರ್ಷಗಳ ಇಳುವರಿಯನ್ನು ಅಂದಾಜಿಸುವ ವಿದ್ಯೆ ಕಾಸರಗೋಡಿನಲ್ಲಿ ಈಗಾಗಲೇ ಇದೆ. ತಿಪಟೂರಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಮತ್ತು ಅರಸೀಕೆರೆಯ ತೆಂಗು ಸಂಶೋಧನಾ ಕೇಂದ್ರ ಹತ್ತಿರದಲ್ಲಿಯೇ ಇವೆ. ತಾಲ್ಲೂಕುವಾರು ಮಳೆಯನ್ನೂ ಶಾಂತಸಾಗರದ ಮುನ್ಸೂಚನೆಯನ್ನೂ ಪೇಟೆಯ ಆವಕವನ್ನೂ ಜೋಡಿಸಿ, ಮುಂದಿನ ಎರಡು ವರ್ಷ ಫಸಲು ಹೆಚ್ಚೋ ಕಡಿಮೆಯೋ ಎಂಬ ಸರಳ ಅಂದಾಜನ್ನು ಕನ್ನಡದಲ್ಲಿ ರೈತರಿಗೆ ತಲುಪಿಸಿದರೆ, ಯಾವ ವರ್ಷ ಮಾರಬೇಕು, ಯಾವ ವರ್ಷ ಕಾಯಬೇಕು ಎಂಬ ನಿರ್ಧಾರಕ್ಕೆ ಆಧಾರ ದೊರೆಯುತ್ತದೆ. ಸಣ್ಣ ಹಿಡುವಳಿದಾರರಿಗೆ ಸಹಕಾರಿ ತತ್ತ್ವದ ಮೇಲೆ ಸಾಮೂಹಿಕ ಅಟ್ಟಗಳನ್ನೂ, ಅಲ್ಲಿಟ್ಟ ಕಾಯಿಯ ಮೇಲೆ ಅಡಮಾನ ಸಾಲವನ್ನೂ ಒದಗಿಸಿದರೆ ಕಾಯುವ ಶಕ್ತಿ ಎಲ್ಲರ ಪಾಲಿಗೂ ಬರುತ್ತದೆ. ತೋಟದ ಮಟ್ಟಿಗೆ, ಬುಡದಲ್ಲಿ ಸಿಪ್ಪೆಯನ್ನು ಹೂಳುವುದು, ಗರಿಗಳ ಹೊದಿಕೆ, ಇಂಗುಗುಂಡಿ, ಬದುಗಳು, ಹನಿ ನೀರಾವರಿ ಇವೇ ಮೊದಲಾದ ಹಳೆಯ ಮತ್ತು ಹೊಸ ಉಪಾಯಗಳು ಒಣ ದಿನಗಳ ಉದ್ದವನ್ನು ಬೇರಿನ ಮಟ್ಟದಲ್ಲಿ ಕಡಿಮೆ ಮಾಡುತ್ತವೆ.

ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ತಿಪಟೂರು ಸೀಮೆಯ ಕೊಬ್ಬರಿಯ ಧಾರಣೆಯಲ್ಲಿ ಹವಾಮಾನದ ಪಾತ್ರ ದೊಡ್ಡದು. ಆದರೆ ಅದು ತಡವಾಗಿ ಬಂದು, ಬೇರೆಯವರ ಮಳೆಯೊಡನೆ ಬೆರೆತು ಕಾಣಿಸಿಕೊಳ್ಳುತ್ತದೆ. ಬರದ ನಷ್ಟವನ್ನು ಬೆಲೆಯ ಏರಿಕೆ ತುಂಬಿಕೊಡುತ್ತದೆ ಎಂಬ ನಂಬಿಕೆ ಈ ಬೆಳೆಯ ಮಟ್ಟಿಗೆ ಎಲ್ಲರಿಗೂ ನಿಜವಾಗುವುದಿಲ್ಲ. ನಷ್ಟವೂ ಏರಿಕೆಯೂ ಬೇರೆ ಬೇರೆ ವರ್ಷಗಳಲ್ಲಿ ಬರುವುದರಿಂದ ಎರಡರ ನಡುವಣ ಕಾಲವನ್ನು ದಾಟಬಲ್ಲವನಿಗೆ ಮಾತ್ರ ಅದು ನಿಜ. ಹವಾಮಾನದ ಏರುಪೇರುಗಳು ಇನ್ನಷ್ಟು ತೀವ್ರವಾಗುತ್ತಿರುವ ಈ ದಿನಗಳಲ್ಲಿ ಮೂರು ತಾಲ್ಲೂಕುಗಳ ಸಣ್ಣ ತೋಟಗಳು ಉಳಿಯಬೇಕಾದರೆ ಮರಕ್ಕೆ ನೀರು ಎಷ್ಟು ಮುಖ್ಯವೋ ರೈತನಿಗೆ ಕಾಯುವ ಶಕ್ತಿ ಅಷ್ಟೇ ಮುಖ್ಯ. 2025ರ ಬೆಲೆಯನ್ನು ಖಾಲಿ ಅಟ್ಟದ ಕೆಳಗೆ ನಿಂತು ಕೇಳಿದವರ ಅನುಭವ ಇದನ್ನೇ ಹೇಳುತ್ತದೆ.